ನಿಜ ಹೇಳಿದರೆ ಹಾಸಿಗೆ ಸಿಗದಿದ್ದರೆ?



ಒಬ್ಬ ಮನುಷ್ಯನನ್ನು ಕಲ್ಪಿಸಿಕೊಳ್ಳಿ. ವಯಸ್ಸು ಐವತ್ತರ ಆಸುಪಾಸು. ಎರಡೂ ಮೂತ್ರಪಿಂಡಗಳು ಕೈಕೊಟ್ಟು ಮೂರು ವರ್ಷವಾಗಿದೆ. ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ತಾಸು, ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗಿ ಬದುಕು ಸಾಗಿಸುತ್ತಿದ್ದಾನೆ. ಈಗ ತಂಗಿಯ ಮಗಳ ಮದುವೆ, ಅದೂ ದೂರದ ಊರಿನಲ್ಲಿ. ಸೋದರಮಾವನೇ ಇಲ್ಲದಿದ್ದರೆ ಹೇಗೆ? ನಾಲ್ಕು ದಿನ ಅಲ್ಲಿರಬೇಕು. ಅಂದರೆ ನಡುವೆ ಒಂದು ಸಲವಾದರೂ ಆ ಊರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಲೇಬೇಕು. ಫೋನು ಮಾಡಿದರೆ ಅಲ್ಲಿಯವರು ಕೇಳುವ ಮೊದಲ ಪ್ರಶ್ನೆ: "ವೈರಸ್ ರಿಪೋರ್ಟ್ ಇದೆಯಾ?"

ಆತನ ಚೀಲದಲ್ಲಿ ಎರಡು ರಿಪೋರ್ಟುಗಳಿವೆ. ಒಂದು ಮೂರು ತಿಂಗಳ ಹಿಂದಿನದು. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಮೂರರ ಮುಂದೆಯೂ 'ನೆಗೆಟಿವ್' ಎಂದಿದೆ. ಇನ್ನೊಂದು ಹತ್ತು ದಿನಗಳ ಹಿಂದಿನದು. ಅದರಲ್ಲಿ ಹೆಪಟೈಟಿಸ್ ಬಿ ಎದುರಿಗೆ 'ಪಾಸಿಟಿವ್'. ಹೊಸದನ್ನು ತೋರಿಸಿದರೆ "ನಮ್ಮಲ್ಲಿ ಪಾಸಿಟಿವ್‌ನವರಿಗೆ ಮೆಷಿನ್ ಇಲ್ಲ" ಎಂಬ ಉತ್ತರ ಬರುತ್ತದೆಂದು ಆತನಿಗೆ ಗೊತ್ತು. ಹಳೆಯದನ್ನು ತೋರಿಸಿದರೆ ಹಾಸಿಗೆ ಸಿಗುತ್ತದೆ. ಆತ ಹಳೆಯದನ್ನು ಕೊಟ್ಟ. ಬಾಯಿಬಿಟ್ಟು ಒಂದು ಸುಳ್ಳೂ ಹೇಳಲಿಲ್ಲ. ಕೊಟ್ಟ ಕಾಗದ ಖೋಟಾ ಅಲ್ಲ, ಅದರ ಮೇಲಿನ ತಾರೀಖೂ ತಿದ್ದಿದ್ದಲ್ಲ.

ಇದು ತಪ್ಪೇ? ತಪ್ಪಾದರೆ ಯಾರದು?

ಬೇಗ ತೀರ್ಪು ಕೊಡಬೇಡಿ. ಗುರುಮಠದಲ್ಲಿ ನಮಗೆ ನೀತಿಶಾಸ್ತ್ರ ಕಲಿಸಿದ ಗುರುಗಳು, ಯಾರಾದರೂ ಥಟ್ಟನೆ ಎದ್ದು 'ಸರಿ' ಎಂದೋ 'ತಪ್ಪು' ಎಂದೋ ಹೇಳಿದರೆ, "ಕೂತುಕೋ, ಮೊದಲು ಗಂಟು ಬಿಡಿಸು" ಎನ್ನುತ್ತಿದ್ದರು. ಒಂದೇ ಮಾತಿನೊಳಗೆ ಎರಡು ಮೂರು ಸಂಗತಿಗಳು ಗಂಟು ಬಿದ್ದಿರುತ್ತವೆ. ಬಿಡಿಸುವ ತಾಳ್ಮೆಯಿಲ್ಲದೆ ಕತ್ತರಿ ಹಾಕಿದರೆ ದಾರವೇ ಹಾಳು. ಇಲ್ಲಿ ಗಂಟು ಬಿದ್ದಿರುವ ಮಾತು 'ಪಾಸಿಟಿವ್' ಎಂಬುದು.

ಡಯಾಲಿಸಿಸ್ ಕೋಣೆಯನ್ನು ಕಾಣದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ರೋಗಿಯ ತೋಳಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಒಂದು ರಕ್ತನಾಳವನ್ನು ದಪ್ಪಗಾಗುವಂತೆ ಮಾಡಿರುತ್ತಾರೆ. ಇದಕ್ಕೆ ಫಿಸ್ಟುಲಾ ಎಂದು ಹೆಸರು. ಅದಕ್ಕೆ ಎರಡು ದಪ್ಪ ಸೂಜಿಗಳನ್ನು ಚುಚ್ಚುತ್ತಾರೆ. ಒಂದರಿಂದ ರಕ್ತ ಹೊರಗೆ ಬಂದು, ಡಯಲೈಸರ್ ಎಂಬ ಸೋಸುಕದೊಳಗೆ ಹರಿದು, ಇನ್ನೊಂದರಿಂದ ಒಳಗೆ ಹೋಗುತ್ತದೆ. ಸೋಸುಕದ ಕೂದಲೆಳೆಯಂಥ ನಳಿಕೆಗಳ ಆಚೆ ಬದಿಯಲ್ಲಿ ಶುದ್ಧಗೊಳಿಸಿದ ನೀರಿನ ದ್ರಾವಣ ಹರಿಯುತ್ತಿರುತ್ತದೆ. ಒಂದು ಸಲದ ಚಿಕಿತ್ಸೆಗೆ ಸುಮಾರು 120 ಲೀಟರ್ ಬೇಕು. ಒಂದೇ ಕೋಣೆಯಲ್ಲಿ ಐದಾರು ಹಾಸಿಗೆಗಳು ಸಾಲಾಗಿ ಇರುತ್ತವೆ. ಒಬ್ಬರು ಏಳುತ್ತಲೇ ಇನ್ನೊಬ್ಬರು ಅದೇ ಹಾಸಿಗೆಗೆ. ವರ್ಷಕ್ಕೆ ನೂರೈವತ್ತು ಸಲ ಹೀಗೆ ರಕ್ತ ಮೈಯಿಂದ ಹೊರಗೆ ಬಂದು ಹೋಗುತ್ತದೆ. ಇಷ್ಟು ಸಲ ಸೂಜಿ, ಇಷ್ಟು ಜನರ ಕೈ, ಇಷ್ಟು ಹತ್ತಿರ ಇನ್ನೊಬ್ಬರ ರಕ್ತ! ಸಾಲದ್ದಕ್ಕೆ ಮೂತ್ರಪಿಂಡ ಸೋತ ದೇಹದಲ್ಲಿ ರೋಗ ನಿರೋಧಕ ಶಕ್ತಿಯೂ ಕುಗ್ಗಿರುತ್ತದೆ. ಆರೋಗ್ಯವಂತನಿಗೆ ಹೆಪಟೈಟಿಸ್ ಬಿ ತಗಲಿದರೆ ಕಣ್ಣು ಹಳದಿಯಾಗಬಹುದು, ಜ್ವರ ಬರಬಹುದು, ಕೊನೆಗೆ ಬಹುಪಾಲು ವಯಸ್ಕರ ದೇಹವೇ ಅದನ್ನು ಹೊರಗಟ್ಟುತ್ತದೆ. ಡಯಾಲಿಸಿಸ್ ರೋಗಿಯಲ್ಲಿ ಎಷ್ಟೋ ಸಲ ಕಾಮಾಲೆಯೂ ಕಾಣುವುದಿಲ್ಲ, ಏನೂ ಕಾಣುವುದಿಲ್ಲ. ವೈರಾಣು ಸದ್ದಿಲ್ಲದೆ ಮನೆಮಾಡಿಕೊಂಡು ವರ್ಷಗಟ್ಟಲೆ ಉಳಿದುಬಿಡುತ್ತದೆ.

ಇದು ಬರೀ ಹೆದರಿಕೆಯ ಮಾತಲ್ಲ. 1969–70ರಲ್ಲಿ ಸ್ಕಾಟ್‌ಲೆಂಡಿನ ಎಡಿನ್‌ಬರೋ ನಗರದ ರಾಯಲ್ ಇನ್‌ಫರ್ಮರಿ ಆಸ್ಪತ್ರೆಯ ಮೂತ್ರಪಿಂಡ ವಿಭಾಗದಲ್ಲಿ ಹೆಪಟೈಟಿಸ್ ಹರಡಿತು. ಸತ್ತವರು 11 ಮಂದಿ. ಅವರಲ್ಲಿ ನಾಲ್ವರು ರೋಗಿಗಳಲ್ಲ, ಆಸ್ಪತ್ರೆಯ ಸಿಬ್ಬಂದಿ. ರೋಗಿಯ ರಕ್ತ ಅವರ ಕೈಯನ್ನೂ ಮುಟ್ಟಿತ್ತು. ಆ ವೇಳೆಗೆ ಅಮೆರಿಕದ ಬರೂಕ್ ಬ್ಲಂಬರ್ಗ್ ಎಂಬ ವಿಜ್ಞಾನಿ ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಕಂಡ ಒಂದು ವಿಚಿತ್ರ ಪ್ರೋಟೀನನ್ನು ಹಿಡಿದು ಹೊರಟು, ಅದು ಹೆಪಟೈಟಿಸ್ ಬಿ ವೈರಾಣುವಿನ ಹೊದಿಕೆಯ ಭಾಗ ಎಂಬಲ್ಲಿಗೆ ತಲುಪುತ್ತಿದ್ದರು. ಅದಕ್ಕಾಗಿ 1976ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಅವರ ಹುಟ್ಟುಹಬ್ಬದ ದಿನವಾದ ಜುಲೈ 28ನ್ನೇ ಇಂದು ವಿಶ್ವ ಹೆಪಟೈಟಿಸ್ ದಿನವಾಗಿ ಆಚರಿಸುತ್ತಾರೆ.

ರಕ್ತಪರೀಕ್ಷೆ ಬಂದ ಮೇಲೆ ವೈದ್ಯರು ಏನು ಮಾಡಿದರು? ವೈರಾಣು ಇದ್ದವರನ್ನು ಬೇರೆ ಮಾಡಿದರು. ಬೇರೆ ಕೋಣೆ, ಬೇರೆ ಯಂತ್ರ, ಬೇರೆ ಸಿಬ್ಬಂದಿ. ಬ್ರಿಟನ್ನಿನಲ್ಲಿ 1972ರಲ್ಲಿ, ಅಮೆರಿಕದಲ್ಲಿ 1977ರಲ್ಲಿ ಇಂಥ ನಿಯಮಗಳು ಬಂದವು. ಲಸಿಕೆ ಇನ್ನೂ ಬಳಕೆಗೆ ಬಾರದ ಆ ಕಾಲದಲ್ಲೇ ಹೊಸ ಸೋಂಕುಗಳು ಗಣನೀಯವಾಗಿ ಇಳಿದವು. ಈ ಸಂಗತಿಯನ್ನು ನಾವು ಒಪ್ಪಿಕೊಳ್ಳಬೇಕು. ಯಾರನ್ನೂ ಬೇರೆ ಕೂರಿಸಬಾರದು, ಅದು ಪ್ರೀತಿಯಲ್ಲ ಎಂದು ಹೇಳುವುದು ಸುಲಭ. ಆದರೆ ಹೆಪಟೈಟಿಸ್ ಬಿ ವಿಷಯದಲ್ಲಿ ಬೇರ್ಪಡಿಸಿದ್ದರಿಂದಲೇ ಜೀವಗಳು ಉಳಿದಿವೆ. ಈ ವೈರಾಣು ಒಣಗಿದ ರಕ್ತದ ಕಲೆಯಲ್ಲಿ, ಮೇಜಿನ ಅಂಚಿನಲ್ಲಿ, ಕಡೇಪಕ್ಷ ಏಳು ದಿನ ಜೀವಂತವಾಗಿರಬಲ್ಲದು. ಕಣ್ಣಿಗೆ ಕಾಣದಷ್ಟು ರಕ್ತವೂ ಸಾಕು.

ಈಗ ಗಂಟು ಬಿಡಿಸೋಣ. 'ಪಾಸಿಟಿವ್' ಎಂಬ ಒಂದು ಮಾತಿನೊಳಗೆ ಮೂರು ಬೇರೆ ಬೇರೆ ವೈರಾಣುಗಳಿವೆ, ಮತ್ತು ಅವು ಒಂದೇ ಸಮ ಅಲ್ಲ. ಲಸಿಕೆ ಹಾಕಿಸಿಕೊಳ್ಳದ ದಾದಿಯೊಬ್ಬಳಿಗೆ ಹೆಪಟೈಟಿಸ್ ಬಿ ರೋಗಿಯ ಸೂಜಿ ಚುಚ್ಚಿದರೆ, ಅಂಥ ನೂರು ಪ್ರಸಂಗಗಳಲ್ಲಿ ಮೂವತ್ತರವರೆಗೂ ಸೋಂಕು ತಗಲಬಹುದು. ಹೆಪಟೈಟಿಸ್ ಸಿ ಆದರೆ ನೂರಕ್ಕೆ ಎರಡಕ್ಕಿಂತ ಕಡಿಮೆ. ಎಚ್‌ಐವಿ ಆದರೆ ಸಾವಿರಕ್ಕೆ ಮೂರು. ಆದ್ದರಿಂದ ಬಿ ಇರುವವರಿಗೆ ಬೇರೆ ಕೋಣೆ, ಬೇರೆ ಯಂತ್ರ ಬೇಕೇ ಬೇಕು. ಅವರು ಬಳಸಿದ ಡಯಲೈಸರನ್ನು ತೊಳೆದು ಮರುಬಳಕೆ ಮಾಡಬಾರದು. ಎಚ್‌ಐವಿ ಇರುವವರಿಗೆ ಬೇರೆ ಯಂತ್ರ ಬೇಕಿಲ್ಲ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ಸಿ ಇರುವವರಿಗೂ ಬೇಕಿಲ್ಲ ಎಂಬುದು ಅದರ ಮತ್ತು ಅಂತರರಾಷ್ಟ್ರೀಯ ಮೂತ್ರಪಿಂಡ ತಜ್ಞರ ಸಲಹೆ. ಅವರಿಗೆ ಬೇಕಾದದ್ದು ಎಲ್ಲರಿಗೂ ಬೇಕಾದ ಶುಚಿತ್ವವೇ. ಆದರೆ ನಮ್ಮ ದೇಶದ ಅನೇಕ ಕೇಂದ್ರಗಳಲ್ಲಿ ಸಿ ಇರುವವರನ್ನೂ ಬೇರೆ ಯಂತ್ರಕ್ಕೆ ಹಾಕುವ ರೂಢಿಯಿದೆ. ನಾನು ಇದನ್ನು ಪೂರ್ತಿ ಹಳಿಯಲಾರೆ. ಕೈಗಳು ಕಡಿಮೆ, ರೋಗಿಗಳು ಹೆಚ್ಚು ಇರುವಲ್ಲಿ ಬೇರೆ ಯಂತ್ರವೊಂದು ಊರುಗೋಲು. ಊರುಗೋಲು ಹಿಡಿದವನು ತನ್ನ ಕಾಲು ಗಟ್ಟಿಯಾಯಿತೆಂದು ತಿಳಿದರೆ ಮಾತ್ರ ಅಪಾಯ.

ಯಾಕೆಂದರೆ, ಸೋಂಕು ಹರಡುವ ನಿಜವಾದ ದಾರಿ ಯಾವುದು? ನಾವೆಲ್ಲ ಯಂತ್ರವೇ ಎಂದುಕೊಳ್ಳುತ್ತೇವೆ. ರೋಗಿಯ ರಕ್ತ ಹರಿಯುವುದು ಆತನಿಗೆಂದೇ ಜೋಡಿಸಿದ ನಳಿಕೆಗಳಲ್ಲಿ. ಎಲ್ಲ ಸರಿಯಾಗಿದ್ದರೆ ಯಂತ್ರದ ಒಳಭಾಗವನ್ನು ರಕ್ತ ಮುಟ್ಟುವುದಿಲ್ಲ. ಡಯಾಲಿಸಿಸ್ ಕೇಂದ್ರಗಳಲ್ಲಿ ಹೆಪಟೈಟಿಸ್ ಹರಡಿದಾಗ ತನಿಖೆ ಮಾಡಿದವರು ಮತ್ತೆ ಮತ್ತೆ ಕಂಡದ್ದು ಬಹಳ ಸಾಧಾರಣ ಸಂಗತಿಗಳನ್ನು. ಒಬ್ಬರ ಹಾಸಿಗೆಯಿಂದ ಇನ್ನೊಬ್ಬರ ಹಾಸಿಗೆಗೆ ಹೋಗುವಾಗ ಬದಲಾಯಿಸದ ಕೈಗವಸು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಔಷಧದ ಒಂದೇ ಸೀಸೆಗೆ ಹಲವರಿಗಾಗಿ ಚುಚ್ಚಿದ ಸಿರಿಂಜು. ಹಾಸಿಗೆಯಿಂದ ಹಾಸಿಗೆಗೆ ತಳ್ಳಿಕೊಂಡು ಹೋಗುವ ಔಷಧದ ಗಾಡಿ. ಇಬ್ಬರು ರೋಗಿಗಳ ನಡುವೆ ಒರೆಸದೆ ಬಿಟ್ಟ ಮಂಚದ ಕಂಬಿ. ಅಂದರೆ ವೈರಾಣು ರೋಗಿಯ ರಕ್ತದಲ್ಲಿದ್ದರೂ, ನಡೆದುಹೋಗಲು ಅದಕ್ಕೆ ಕಾಲು ಕೊಡುವುದು ಆರೋಗ್ಯವಂತರ ಕೈ.

ಅಷ್ಟಾದರೂ ನಾವು ಬೆರಳು ತೋರಿಸುವುದು ಯಾರ ಕಡೆಗೆ? "ಆ ಪಾಸಿಟಿವ್ ರೋಗಿ ಬಂದ ಮೇಲೆ ಎಲ್ಲರಿಗೂ ಬಂತು" ಎನ್ನುತ್ತೇವೆ. ಎದ್ದು ನಿಲ್ಲಲಾಗದೆ ಮಲಗಿದ್ದವನು ಹೇಗೆ ನಾಲ್ಕನೆಯ ಹಾಸಿಗೆಯವರೆಗೆ ನಡೆದು ಹೋದ ಎಂದು ಯಾರೂ ಕೇಳುವುದಿಲ್ಲ.

ಹಾಗೆಂದು ಸಿಬ್ಬಂದಿಯನ್ನು ಬೈದು ಮುಗಿಸುವುದೂ ಅನ್ಯಾಯವೇ. ರೋಗಿಗಳನ್ನು ಕಾಣಲು ನಾನು ಹೋಗುವ ಒಂದು ಕಡೆ, ಡಯಾಲಿಸಿಸ್ ಟೆಕ್ನಿಷಿಯನ್ ಆಗಿರುವ ಹುಡುಗನೊಬ್ಬನನ್ನು ಈ ವಿಷಯ ಕೇಳಿದೆ. ಅವನು ಕೋಪಿಸಿಕೊಳ್ಳಲಿಲ್ಲ. "ಫಾದರ್, ನಾನೊಬ್ಬನೇ ನಾಲ್ಕು ಮೆಷಿನ್ ನೋಡ್ತೀನಿ. ಈ ಕಡೆ ಅಲಾರಂ ಹೊಡ್ಕೊಳ್ತಾ ಇರುತ್ತೆ, ಆ ಕಡೆ ಅಜ್ಜನಿಗೆ ಬಿಪಿ ಇಳಿದು ಕಣ್ಣು ಮೇಲಾಗಿರುತ್ತೆ. ಆಗ ಕೈ ತೊಳ್ಕೊಂಡು ಗ್ಲೌಸ್ ಬದಲಾಯಿಸ್ಕೊಂಡು ಬರ್ತೀನಿ ಅಂದ್ರೆ ಅಜ್ಜ ಕಾಯ್ತಾರಾ? ನೀವೇ ಹೇಳಿ" ಎಂದ. ನಾನೇನು ಹೇಳಲಿ? ಕಣ್ಣೆದುರಿಗಿನ ಸಾವು ದೊಡ್ಡದಾಗಿ ಕಾಣುತ್ತದೆ. ಆರು ತಿಂಗಳ ನಂತರ ಇನ್ನೊಬ್ಬರ ರಿಪೋರ್ಟಿನಲ್ಲಿ ಕಾಣಿಸಿಕೊಳ್ಳುವ ಕೇಡು ಆ ಕ್ಷಣಕ್ಕೆ ಕಾಣುವುದೇ ಇಲ್ಲ. ನೀತಿಶಾಸ್ತ್ರ ಓದಿದವರಿಗೆ ಇದು ಗೊತ್ತಿರುವ ಕಷ್ಟವೇ. ಆದರೆ ಆ ಹುಡುಗನನ್ನು ದಿನಾ ಆ ಇಕ್ಕಟ್ಟಿನಲ್ಲಿ ನಿಲ್ಲಿಸಿದವರು ಯಾರು? ನಾಲ್ಕು ಯಂತ್ರಕ್ಕೆ ಒಬ್ಬನೇ ಸಾಕು ಎಂದು ಲೆಕ್ಕ ಹಾಕಿದವರು. ಕೈಗವಸಿನ ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ತಿಂಗಳ ಕೊನೆಗೆ 'ಖರ್ಚು ಜಾಸ್ತಿಯಾಯಿತು' ಎನ್ನುವವರು. ಪಾಪವನ್ನು ಯಾವಾಗಲೂ ಕೊನೆಯ ಕೈಯ ಮೇಲೆ ಹೊರಿಸುವುದು ನಮಗೆ ಅಭ್ಯಾಸವಾಗಿದೆ. ಆ ಕೈ ಕಣ್ಣಿಗೆ ಬೀಳುತ್ತದೆ. ಲೆಕ್ಕದ ಪುಸ್ತಕ ಬರೆದ ಕೈ ಬೀಳುವುದಿಲ್ಲ.

ಇಲ್ಲಿ ಇನ್ನೊಂದು ಮುಖ್ಯ ಸಂಗತಿಯಿದೆ. ಸೋಂಕು ತಗಲಿದ ಮೇಲೆ ರಕ್ತಪರೀಕ್ಷೆಯಲ್ಲಿ ಅದು ಕಾಣಿಸಿಕೊಳ್ಳುವವರೆಗೆ ಕೆಲವು ವಾರಗಳು ಹಿಡಿಯುತ್ತವೆ. ಆ ಅವಧಿಯಲ್ಲಿ ಮನುಷ್ಯ ನಿಜವಾಗಿಯೂ 'ನೆಗೆಟಿವ್' ಕಾಗದ ಹಿಡಿದು, ಒಂದಿಷ್ಟೂ ಮೋಸವಿಲ್ಲದೆ ಬಂದು ಮಲಗಬಹುದು. ಆದರೂ ಆತನ ರಕ್ತದಲ್ಲಿ ವೈರಾಣು ಇರಬಹುದು. ಆದ್ದರಿಂದ ಕಾಗದವನ್ನು ನಂಬಿ ಕೈ ತೊಳೆಯುವುದನ್ನು ಸಡಿಲಿಸುವ ಕೋಣೆ, ಎಲ್ಲರೂ ಸತ್ಯವಂತರಾದರೂ ಸುರಕ್ಷಿತವಲ್ಲ. 1980ರ ದಶಕದಲ್ಲಿ ಎಚ್‌ಐವಿ ಬಂದ ಮೇಲೆ ವೈದ್ಯಕೀಯ ಲೋಕ ಒಂದು ನಿಯಮ ಮಾಡಿಕೊಂಡಿತು: ಎಲ್ಲರ ರಕ್ತವನ್ನೂ ಸೋಂಕಿರಬಹುದಾದ ರಕ್ತವೆಂದೇ ತಿಳಿದು ನಡೆದುಕೊಳ್ಳಬೇಕು. ಬಿಷಪ್ಪರ ರಕ್ತವಾಗಲಿ, ಭಿಕ್ಷುಕನ ರಕ್ತವಾಗಲಿ, ಒಂದೇ ಕೈಗವಸು. ಮೊದಲು ಕೇಳಿದಾಗ ಇದು ಎಲ್ಲರನ್ನೂ ಸಂಶಯಿಸುವ ನಿಯಮದಂತೆ ತೋರುತ್ತದೆ. ನನಗಂತೂ ಇದರಲ್ಲಿ ಬಹಳ ದೊಡ್ಡ ಗೌರವ ಕಾಣುತ್ತದೆ. ಎಲ್ಲರನ್ನೂ ಸಮನಾಗಿ ಸಂಶಯಿಸುವ ಎಚ್ಚರಿಕೆ ಯಾರನ್ನೂ ಅವಮಾನಿಸುವುದಿಲ್ಲ. ಅವಮಾನವಾಗುವುದು, ಒಬ್ಬನ ಬಳಿ ಬರುವಾಗ ಮಾತ್ರ ಎರಡು ಕೈಗವಸು ತೊಟ್ಟು, ಉಳಿದವರ ಬಳಿ ಬರಿಗೈಯಲ್ಲಿ ಹೋಗುವಾಗ.

ಹಾಸಿಗೆ ಯಾರಿಗೆ ಕೊಡಬೇಕು ಎಂಬ ಪ್ರಶ್ನೆ ಡಯಾಲಿಸಿಸ್‌ನಷ್ಟೇ ಹಳೆಯದು. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ನೆದರ್‌ಲೆಂಡ್ಸಿನ ಕಾಂಪೆನ್ ಎಂಬ ಸಣ್ಣ ಊರಿನಲ್ಲಿ ವಿಲ್ಲೆಮ್ ಕೋಲ್ಫ್ ಎಂಬ ವೈದ್ಯ ಮಾಂಸದ ಸಾಸೇಜಿಗೆ ಹೊದಿಸುವ ಸೆಲೊಫೇನ್ ಕೊಳವೆಯನ್ನು ಸುತ್ತಿ ಕೃತಕ ಮೂತ್ರಪಿಂಡ ಮಾಡಿದರು. ಮೊದಮೊದಲು ಬಂದ ರೋಗಿಗಳು ಬಹುತೇಕ ಯಾರೂ ಉಳಿಯಲಿಲ್ಲ. ಈ ಯಂತ್ರದಿಂದ ಜೀವ ಉಳಿಯಿತೆಂದು ಖಚಿತವಾಗಿ ಹೇಳಬಹುದಾದ ಮೊದಲ ವ್ಯಕ್ತಿ, 1945ರಲ್ಲಿ, 67 ವರ್ಷದ ಒಬ್ಬ ಹೆಂಗಸು. ಆಕೆ ನಾಜಿಗಳ ಜೊತೆ ಸೇರಿದ್ದಳೆಂದು ಯುದ್ಧ ಮುಗಿದ ಮೇಲೆ ಸೆರೆಯಲ್ಲಿದ್ದವಳು. ಕೋಲ್ಫ್ ನಾಜಿಗಳನ್ನು ದ್ವೇಷಿಸುತ್ತಿದ್ದವರು. ಆದರೂ ಯಂತ್ರಕ್ಕೆ ಆಕೆಯನ್ನು ಹಾಕಿದರು. ಮುಂದೆ 1960ರ ದಶಕದ ಆರಂಭದಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಹಾಸಿಗೆಗಳು ಕಡಿಮೆ, ರೋಗಿಗಳು ಹೆಚ್ಚಾದಾಗ ಏಳು ಜನರ ಒಂದು ಸಮಿತಿ ಮಾಡಿ, ಯಾರನ್ನು ಉಳಿಸಬೇಕೆಂದು ಆರಿಸಲು ಬಿಟ್ಟರು. ಕೆಲಸ, ಸಂಸಾರ, ಚರ್ಚಿಗೆ ಹೋಗುತ್ತಾರೋ ಇಲ್ಲವೋ, ಎಲ್ಲ ನೋಡಿದರು. ಆ ಏಳು ಜನರಲ್ಲಿ ಒಬ್ಬರು ಕ್ರೈಸ್ತ ಸಭಾಪಾಲಕರೂ ಇದ್ದರು ಎಂಬುದನ್ನು ಓದಿದಾಗ ನನಗೆ ಮೈ ಬೆಚ್ಚಿತು. ಇಂದು ಅಂಥ ಸಮಿತಿ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆದರೆ ಕೌಂಟರಿನಲ್ಲಿ ರಿಪೋರ್ಟು ನೋಡಿ "ಇಲ್ಲ" ಎನ್ನುವ ಒಂದು ತಲೆಯಾಟದಲ್ಲಿ ಆ ಸಮಿತಿ ಇನ್ನೂ ಬದುಕಿದೆ ಎನಿಸುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಉತ್ತರ ಕೊಡಲು ಪ್ರಯತ್ನಿಸುತ್ತೇನೆ. ಸಂತ ಆಗಸ್ಟೀನರು ಸುಳ್ಳಿನ ವಿಷಯವಾಗಿಯೇ ಎರಡು ಗ್ರಂಥ ಬರೆದವರು. ಯಾವ ಕಾರಣಕ್ಕೂ ಸುಳ್ಳು ಸಲ್ಲದು ಎಂಬುದು ಅವರ ನಿಲುವು. ಜರ್ಮನಿಯ ತತ್ವಜ್ಞಾನಿ ಕಾಂಟ್ 1797ರಲ್ಲಿ ಇನ್ನೂ ಮುಂದೆ ಹೋಗಿ, ಕೊಲೆಗಾರ ಬಾಗಿಲಿಗೆ ಬಂದು ನಿನ್ನ ಗೆಳೆಯ ಎಲ್ಲಿ ಎಂದು ಕೇಳಿದರೂ ಸುಳ್ಳಾಡಬಾರದೆಂದರು. ನೀತಿಶಾಸ್ತ್ರಜ್ಞರಲ್ಲಿ ಅನೇಕರು ಅಷ್ಟು ದೂರ ಹೋಗಿಲ್ಲ. ಕೇಳುವವನಿಗೆ ಆ ಸತ್ಯದ ಮೇಲೆ ಹಕ್ಕಿದೆಯೇ, ಆತ ಅದನ್ನು ಯಾವ ಕೆಲಸಕ್ಕೆ ಕೇಳುತ್ತಿದ್ದಾನೆ, ಇವನ್ನೂ ತೂಗಬೇಕು ಎಂದಿದ್ದಾರೆ. ನಮ್ಮ ಮದುವೆಗೆ ಹೊರಟ ಮನುಷ್ಯನಿಗೆ ಈ ತಕ್ಕಡಿ ಹಿಡಿಯೋಣ.

ಕೇಳುತ್ತಿರುವುದು ಕೊಲೆಗಾರನಲ್ಲ. ಕೋಣೆಯಲ್ಲಿ ಇನ್ನೂ ನಾಲ್ಕು ಜನ ಮಲಗಿದ್ದಾರೆ. ಅವರು ಏನನ್ನೂ ಕೇಳಿಲ್ಲ. ಆದರೂ ಈ ಸತ್ಯ ಸಲ್ಲಬೇಕಾದದ್ದು ಮುಖ್ಯವಾಗಿ ಅವರಿಗೇ. ಅವರಲ್ಲಿ ಲಸಿಕೆ ಹತ್ತದವರು ಇರಬಹುದು. ಆತನ ವೈರಾಣು ಹೆಪಟೈಟಿಸ್ ಬಿ, ಬೇರೆ ಯಂತ್ರ ನಿಜಕ್ಕೂ ಬೇಕಾದದ್ದು. ಆದ್ದರಿಂದ ಹಳೆಯ ರಿಪೋರ್ಟು ಕೊಟ್ಟದ್ದು ತಪ್ಪು ಎಂದೇ ನಾನು ಹೇಳುತ್ತೇನೆ. ಬಾಯಿ ಸುಳ್ಳಾಡದಿದ್ದರೂ ಕಾಗದದಿಂದ ಸುಳ್ಳು ಹೇಳಿಸಿದ. ಮದುವೆ ಎಷ್ಟೇ ದೊಡ್ಡದಾದರೂ ಪಕ್ಕದ ಹಾಸಿಗೆಯವನ ಯಕೃತ್ತಿಗಿಂತ ದೊಡ್ಡದಲ್ಲ.

ಆದರೆ ಮದುವೆಗೆ ಹೋಗುವ ಬದಲು ಆತನ ಊರಿನ ಕೇಂದ್ರವೇ "ಇನ್ನು ನಮ್ಮಲ್ಲಿ ಬೇಡ" ಎಂದಿದ್ದರೆ? ಮೂರು ದಿನ ಡಯಾಲಿಸಿಸ್ ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ, ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು. ಆಗ ನಾವು ಆತನಿಗೆ ಹೇಳುತ್ತಿರುವುದು "ನಿಜ ಹೇಳು, ಸಾಯಿ" ಎಂದಲ್ಲವೇ? ಸತ್ಯಕ್ಕಾಗಿ ಪ್ರಾಣ ಕೊಟ್ಟ ಸಂತರನ್ನು ನಾವು ಪೀಠದ ಮೇಲಿಟ್ಟು ಗೌರವಿಸುತ್ತೇವೆ, ಸರಿ. ಆದರೆ ಸಂತರಾಗಬೇಕಾದ ಅಗತ್ಯವನ್ನು ಬಡರೋಗಿಯ ಮೇಲೆ ಹೊರಿಸಿ, ನಾವು ಸಾಮಾನ್ಯ ನ್ಯಾಯವನ್ನೂ ಪಾಲಿಸದೆ ಕೂರುವುದು ಯಾವ ಧರ್ಮ? ನಿಜ ಹೇಳಿದವನಿಗೆ ಒಂದು ಹಾಸಿಗೆ ಖಾತ್ರಿಯಾಗಿದ್ದರೆ ಮಾತ್ರ ನಿಜ ಹೇಳೆಂದು ಆಜ್ಞಾಪಿಸುವ ಬಾಯಿಗೆ ಬಲ ಬರುತ್ತದೆ. ಎಚ್‌ಐವಿ ಇರುವವರಿಗೆ ಚಿಕಿತ್ಸೆ ನಿರಾಕರಿಸುವುದನ್ನು ನಮ್ಮ ದೇಶದ 2017ರ ಕಾನೂನೊಂದು ನಿಷೇಧಿಸಿದೆ. ಬಿ ಇರುವವನಿಗೆ ಬೇರೆ ಯಂತ್ರವಿಲ್ಲದ ಕೇಂದ್ರ ಕೈ ತೊಳೆದುಕೊಂಡರೆ ಸಾಲದು. ಯಂತ್ರವಿರುವ ಕಡೆಗೆ ತಾನೇ ಫೋನು ಮಾಡಿ, ದಿನ ಗೊತ್ತುಮಾಡಿ ಕಳಿಸಬೇಕು. ಇದು ದಯೆಯಲ್ಲ, ಋಣ.

ಸುಳ್ಳಿನ ಮಾತು ಬಂದಾಗ ಇನ್ನೊಂದು ಕಡೆಯನ್ನೂ ನೋಡಬೇಕು. ವರ್ಷಗಟ್ಟಲೆ ಒಂದೇ ಕೇಂದ್ರದಲ್ಲಿ ಡಯಾಲಿಸಿಸ್ ಆಗುತ್ತಿರುವ, ನೆಗೆಟಿವ್ ಇದ್ದ ರೋಗಿಯೊಬ್ಬ ಒಂದು ದಿನ ಪಾಸಿಟಿವ್ ಆದರೆ, ಆ ಸೋಂಕು ಆ ಕೋಣೆಯಲ್ಲೇ ತಗಲಿರಬಹುದೆಂಬ ಸಂಶಯ ಸಹಜ. ಆಗ ಕೇಂದ್ರ ಮಾಡಬೇಕಾದದ್ದು, ಉಳಿದವರನ್ನೆಲ್ಲ ಪರೀಕ್ಷಿಸಿ, ಎಲ್ಲಿ ಕೈ ತಪ್ಪಿತೆಂದು ಹುಡುಕಿ, ರೋಗಿಗಳಿಗೆ ತಿಳಿಸುವುದು. ಆದರೆ ಹೆಸರು ಕೆಡುತ್ತದೆಂದು ಬಾಯಿ ಮುಚ್ಚಿಕೊಳ್ಳುವ ಆಸೆ ಎಂಥವರಿಗೂ ಬರುತ್ತದೆ. "ನಿಮಗೆ ಹೊರಗೆ ಎಲ್ಲೋ ತಗಲಿರಬೇಕು, ರಕ್ತ ಹಾಕಿಸಿಕೊಂಡಾಗಲೋ, ಹಲ್ಲು ಕೀಳಿಸಿದಾಗಲೋ" ಎಂದುಬಿಡುವುದು ಸುಲಭ. ಕೆಲವರು ಹೆಂಡತಿಯ ಕಡೆಗೆ, ಗಂಡನ ಕಡೆಗೆ ಒಂದು ನೋಟ ಬೀರುವಂತೆಯೂ ಮಾತಾಡುತ್ತಾರೆ. ಆ ಒಂದು ನೋಟಕ್ಕೆ ಒಂದು ಸಂಸಾರ ಒಡೆಯಬಹುದು. ಹಳೆಯ ರಿಪೋರ್ಟು ಕೊಟ್ಟ ರೋಗಿಯ ಸುಳ್ಳಿನ ಹಿಂದೆ ಭಯವಿದೆ. ಈ ಸುಳ್ಳಿನ ಹಿಂದೆ ಇರುವುದು ಹೆಸರು, ಹಣ. ಎರಡನ್ನೂ ತಕ್ಕಡಿಯಲ್ಲಿಟ್ಟರೆ ಯಾವ ತಟ್ಟೆ ಕೆಳಗಿಳಿಯುತ್ತದೆಂದು ನನಗಂತೂ ಸಂಶಯವಿಲ್ಲ.

ಬೇರೆ ಮಾಡುವುದೇ ತಪ್ಪಲ್ಲ ಎಂದೆ. ಬೇರೆ ಮಾಡಿ ಮರೆತುಬಿಡುವುದು ತಪ್ಪು. ಹಳೆಯ ಒಡಂಬಡಿಕೆಯ ಯಾಜಕಕಾಂಡದಲ್ಲಿ ಚರ್ಮರೋಗದ ನಿಯಮಗಳನ್ನು ಓದಿ ಅನೇಕರು ಮುಖ ಸಿಂಡರಿಸುತ್ತಾರೆ. ಆದರೆ ಗಮನಿಸಿ ಓದಿ: ಅಲ್ಲಿ ಯಾಜಕನು ಸಂಶಯವಿರುವವನನ್ನು ಏಳು ದಿನ ಬೇರೆ ಇರಿಸಿ, ಏಳನೆಯ ದಿನ ತಾನೇ ಹೋಗಿ ಮತ್ತೆ ನೋಡಬೇಕು. ಹದಿಮೂರನೆಯ ಅಧ್ಯಾಯ ಬೇರ್ಪಡಿಸುವುದನ್ನು ಹೇಳಿದರೆ, ಹದಿನಾಲ್ಕನೆಯದು ವಾಸಿಯಾದವನನ್ನು ಪಾಳೆಯದೊಳಗೆ ಮರಳಿ ಕರೆತರುವ ಕ್ರಮವನ್ನು ಅಷ್ಟೇ ವಿವರವಾಗಿ ಹೇಳುತ್ತದೆ. ಮತ್ತೆ ನೋಡುವ ದಿನ ಗೊತ್ತಿಲ್ಲದ ಬೇರ್ಪಡಿಕೆಗೆ ಬಹಿಷ್ಕಾರ ಎಂದೇ ಹೆಸರು.

ಇದನ್ನು ಹೇಳಲು ಕಾರಣವಿದೆ. 1989ರಲ್ಲಷ್ಟೇ ಪತ್ತೆಯಾದ ಹೆಪಟೈಟಿಸ್ ಸಿ ವೈರಾಣುವಿಗೆ ಇಂದು ಮದ್ದಿದೆ. ಮೊದಲು ತಿಂಗಳುಗಟ್ಟಲೆ ಚುಚ್ಚುಮದ್ದು, ಜ್ವರ, ನಿತ್ರಾಣ. ಅಷ್ಟಾದರೂ ಅರ್ಧದಷ್ಟು ಜನಕ್ಕೆ ಗುಣವಿಲ್ಲ. 2013ರಿಂದೀಚೆಗೆ ಬಂದ ಮಾತ್ರೆಗಳಿಂದ ಸಾಮಾನ್ಯವಾಗಿ 12 ವಾರಗಳಲ್ಲಿ, ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರಲ್ಲಿ ವೈರಾಣು ಪೂರ್ತಿ ಹೋಗುತ್ತದೆ. ಡಯಾಲಿಸಿಸ್‌ನಲ್ಲಿರುವವರಿಗೂ ಕೊಡಬಹುದಾದ ಮಾತ್ರೆಗಳಿವೆ. ನಮ್ಮ ದೇಶದ ಕಂಪನಿಗಳೇ ಇವನ್ನು ತಯಾರಿಸುತ್ತವೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಚಿಕಿತ್ಸೆ ಉಚಿತ. ಇಷ್ಟಾಗಿಯೂ ಒಂದು ತೊಡಕಿದೆ. ಸಾಮಾನ್ಯ ಪರೀಕ್ಷೆ ಹುಡುಕುವುದು ವೈರಾಣುವನ್ನಲ್ಲ, ಅದರ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯವನ್ನು. ವಾಸಿಯಾದ ಮೇಲೂ ಆ ಪ್ರತಿಕಾಯ ರಕ್ತದಲ್ಲಿ ಉಳಿಯುತ್ತದೆ. ಹಾಗಾಗಿ ಪೂರ್ತಿ ಗುಣವಾದವನ ರಿಪೋರ್ಟಿನಲ್ಲೂ 'ಪಾಸಿಟಿವ್' ಎಂದೇ ಬರುತ್ತದೆ, ಮತ್ತು ಆತನನ್ನು ಹಿಂದಿನಂತೆಯೇ ಹೊರಗಿಡುವವರು ಇದ್ದಾರೆ. ಆರ್‌ಎನ್‌ಎ ಪರೀಕ್ಷೆ ಮಾಡಿಸಿ, ವೈರಾಣು ಇಲ್ಲವೆಂಬ ಆ ಕಾಗದವನ್ನು ಕೇಳಿ ಪಡೆದು ಇಟ್ಟುಕೊಳ್ಳಿ. ಒಮ್ಮೆ ಗುಣವಾದವನಿಗೆ ಮತ್ತೆ ತಗಲುವುದಿಲ್ಲವೆಂದೇನಿಲ್ಲ. ಆದ್ದರಿಂದ ಆರು ತಿಂಗಳಿಗೊಮ್ಮೆ ಆ ಪರೀಕ್ಷೆ ಬೇಕಾಗುತ್ತದೆ. ಹೆಪಟೈಟಿಸ್ ಬಿ ಅಷ್ಟು ಸುಲಭವಾಗಿ ಬಿಟ್ಟುಹೋಗುವುದಿಲ್ಲ. ಅದನ್ನು ಹದ್ದಿನಲ್ಲಿಡುವ ಔಷಧಗಳಿವೆ, ಬೇರುಸಹಿತ ಕೀಳುವುದು ಅಪರೂಪ. ಅದಕ್ಕೆ ಇರುವ ಒಳ್ಳೆಯ ಉತ್ತರ ಲಸಿಕೆಯೇ.

ಲಸಿಕೆಯ ವಿಷಯದಲ್ಲಿ ಮನೆಯವರು ಎಚ್ಚರವಾಗಿರಬೇಕು. ಮೂತ್ರಪಿಂಡ ಸೋತ ದೇಹ ಲಸಿಕೆಗೂ ಅರೆಬರೆಯಾಗಿ ಓಗೊಡುತ್ತದೆ. ಅದಕ್ಕೇ ಡಯಾಲಿಸಿಸ್ ರೋಗಿಗಳಿಗೆ ಇಮ್ಮಡಿ ಪ್ರಮಾಣ, ಸಾಮಾನ್ಯವಾಗಿ ನಾಲ್ಕು ಸಲ. ಕೊನೆಯ ಚುಚ್ಚುಮದ್ದಾಗಿ ಒಂದೆರಡು ತಿಂಗಳಿಗೆ ಲಸಿಕೆ ಹತ್ತಿತೋ ಇಲ್ಲವೋ ಎಂದು ರಕ್ತಪರೀಕ್ಷೆ ಮಾಡಿಸಬೇಕು. ಬರುವ ಅಂಕೆ ಹತ್ತಕ್ಕಿಂತ ಕೆಳಗಿದ್ದರೆ ಮತ್ತೆ ಹಾಕಿಸಬೇಕು. ಹತ್ತಿದವರೂ ವರ್ಷಕ್ಕೊಮ್ಮೆ ನೋಡಿಸಿಕೊಳ್ಳಬೇಕು. ಕ್ರಿಯಾಟಿನಿನ್ ಏರುತ್ತಿದೆ ಎಂದು ವೈದ್ಯರು ಹೇಳಿದಾಗಲೇ, ಡಯಾಲಿಸಿಸ್ ಶುರುವಾಗುವ ಮುಂಚೆಯೇ ಹಾಕಿಸಿದರೆ ಫಲ ಹೆಚ್ಚು. ಒಂದು ಕಾಲದಲ್ಲಿ ಈ ಲಸಿಕೆ ಉಳ್ಳವರ ಸೊತ್ತಾಗಿತ್ತು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಕಂಪನಿ ಇದನ್ನು ನಮ್ಮಲ್ಲೇ ತಯಾರಿಸಿದ ಮೇಲೆ ಬೆಲೆ ಇಳಿಯಿತು. ಈಗ ಹುಟ್ಟುವ ಮಕ್ಕಳಿಗೆ ಸರಕಾರವೇ ಹಾಕುತ್ತದೆ.

ಕೊನೆಗೆ ಅಡಿಗೆಮನೆಯ ಮಾತು. 'ಪಾಸಿಟಿವ್' ಎಂದು ಗೊತ್ತಾದ ದಿನವೇ ಅಪ್ಪನ ತಟ್ಟೆ ಲೋಟ ಬೇರೆಯಾಗುವ ಮನೆಗಳನ್ನು ನಾನು ಕಂಡಿದ್ದೇನೆ. ಸೊಸೆ ಕೆಟ್ಟವಳಲ್ಲ, ಮಗುವಿನ ಚಿಂತೆ ಅವಳಿಗೆ. ಆದರೆ ಈ ಮೂರು ವೈರಾಣುಗಳಲ್ಲಿ ಒಂದೂ ಊಟದ ತಟ್ಟೆಯಿಂದ, ಅಪ್ಪಿಕೊಳ್ಳುವುದರಿಂದ, ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದರಿಂದ ಹರಡುವುದಿಲ್ಲ. ಬೇರೆಯಾಗಿರಬೇಕಾದದ್ದು ತಟ್ಟೆಯಲ್ಲ, ಶೇವಿಂಗ್ ಬ್ಲೇಡು, ಹಲ್ಲುಜ್ಜುವ ಬ್ರಷ್ಷು, ಉಗುರು ಕತ್ತರಿಸುವ ಸಾಧನ, ಅಂದರೆ ರಕ್ತದ ಸೋಂಕು ಇರಬಹುದಾದಂಥವು. ಸೂಜಿ ಚುಚ್ಚಿದ ಜಾಗದಿಂದ ಮನೆಯಲ್ಲಿ ರಕ್ತ ಜಿನುಗಿದರೆ ಕೈಗವಸು ಹಾಕಿಕೊಂಡು ಒತ್ತಿ ಹಿಡಿಯಿರಿ, ನೆಲವನ್ನು ಬ್ಲೀಚಿಂಗ್ ದ್ರಾವಣದಿಂದ ಒರೆಸಿ. ಆತನಿಗಿರುವುದು ಹೆಪಟೈಟಿಸ್ ಬಿ ಆದರೆ ಹೆಂಡತಿ, ಮಕ್ಕಳು, ಸೊಸೆ ಎಲ್ಲರೂ ರಕ್ತಪರೀಕ್ಷೆ ಮಾಡಿಸಿ ಲಸಿಕೆ ಹಾಕಿಸಿಕೊಳ್ಳಿ. ಶಿಶುಗಳಿಗೆ ಈ ಲಸಿಕೆ ದೇಶದಾದ್ಯಂತ ಸಿಗತೊಡಗಿದ್ದು 2011ರ ಸುಮಾರಿಗೆ. ಅದಕ್ಕೂ ಮೊದಲು ಹುಟ್ಟಿದ ಅನೇಕರಿಗೆ ಆಗಿರುವುದಿಲ್ಲ. ಆರೋಗ್ಯವಂತರಿಗೆ ಆರು ತಿಂಗಳಲ್ಲಿ ಮೂರು ಚುಚ್ಚುಮದ್ದು ಸಾಕು. ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.